ರಂಗದಿಂದ ಮನೆಗೆ ಇಳಿದ ಬೆಳಕು

ನಾಟಕದ ರಂಗದ ಮೇಲೆ ಅರಮನೆ, ಕಾಡು, ಸೆರೆಮನೆ ಎಲ್ಲವೂ ಒಂದೇ ಹಲಗೆಯ ನೆಲದಲ್ಲಿ ಒಂದಾದ ಮೇಲೊಂದು ಬಂದುಹೋಗುತ್ತವೆ. ಎಷ್ಟೋ ಸಲ ಹಿಂದಿನ ಪರದೆಯೂ ಬದಲಾಗುವುದಿಲ್ಲ. ಬದಲಾಗುವುದು ಬೆಳಕು ಮಾತ್ರ. ಅದು ಮೇಲಿನಿಂದ ಬಿದ್ದರೆ ಒಂದು ಅರ್ಥ, ಪಕ್ಕದಿಂದ ಬಿದ್ದರೆ ಇನ್ನೊಂದು. ಮುಂದಿನ ಸಾಲಿನಲ್ಲಿ ಕುಳಿತ ಪ್ರೇಕ್ಷಕನಿಗೆ ದೀಪ ಎಲ್ಲಿದೆಯೆಂದು ಗೊತ್ತಿರುವುದಿಲ್ಲ. ಆದರೆ ಎಲ್ಲಿ ನೋಡಬೇಕೆಂಬುದು ಮಾತ್ರ ಯಾರೂ ಹೇಳದೆಯೇ ಗೊತ್ತಾಗುತ್ತದೆ.

ಇದೇ ಪ್ರೇಕ್ಷಕ ಮನೆಗೆ ಮರಳಿ ಸ್ವಿಚ್ ಒತ್ತಿದರೆ ಗೋಡೆಯ ನೆತ್ತಿಯಲ್ಲಿರುವ ಟ್ಯೂಬ್‌ಲೈಟ್ ಹೊತ್ತಿಕೊಳ್ಳುತ್ತದೆ. ಕಪಾಟು, ಕುರ್ಚಿ, ಅಜ್ಜಿಯ ಮುಖ, ಮೂಲೆಯ ಧೂಳು ಎಲ್ಲದಕ್ಕೂ ಒಂದೇ ಬಿಳಿ ಬೆಳಕು. ಮನೆ ಕಟ್ಟುವಾಗ ನೆಲದ ಕಲ್ಲಿಗೆ, ಗೋಡೆಯ ಬಣ್ಣಕ್ಕೆ, ಕಿಟಕಿಯ ಪರದೆಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವ ನಾವು ಬೆಳಕನ್ನು ವೈರಿಂಗ್ ಮಾಡುವವರ ಇಷ್ಟಕ್ಕೆ ಬಿಟ್ಟುಬಿಡುತ್ತೇವೆ. ಆದರೆ ಸಂಜೆ ಆರರ ನಂತರ ಆ ಕಲ್ಲು, ಬಣ್ಣ, ಪರದೆಗಳೆಲ್ಲ ಹೇಗೆ ಕಾಣಬೇಕೆಂದು ತೀರ್ಮಾನಿಸುವುದು ಅದೇ ಬೆಳಕು. ರಂಗಭೂಮಿಯ ದೀಪಗಳನ್ನೂ ಅದಕ್ಕಿಂತ ಹೆಚ್ಚಾಗಿ ಅಲ್ಲಿನ ತಿಳಿವಳಿಕೆಯನ್ನೂ ಮನೆಯೊಳಕ್ಕೆ ತರುವ ಪ್ರಯತ್ನಕ್ಕೆ ಒಂದು ಶತಮಾನಕ್ಕೂ ಮೀರಿದ ಇತಿಹಾಸವಿದೆ.

ಬೆಂಕಿಯ ಭಯದಿಂದ ವಿದ್ಯುತ್ತಿಗೆ

ಹತ್ತೊಂಬತ್ತನೆಯ ಶತಮಾನದ ಯುರೋಪಿನ ರಂಗಮಂದಿರಗಳಲ್ಲಿ ಉರಿಯುತ್ತಿದ್ದುದು ಅನಿಲದ ದೀಪ. ಅದರಿಂದ ಬೆಳಕಿನ ಜೊತೆಗೆ ಸೆಖೆ, ಹೊಗೆ ಮತ್ತು ಅಪಾಯ ಮೂರೂ ಬರುತ್ತಿದ್ದವು. 1881ರ ಡಿಸೆಂಬರ್ 8ರಂದು ವಿಯೆನ್ನಾದ ರಿಂಗ್ ಥಿಯೇಟರಿನಲ್ಲಿ ಹತ್ತಿದ ಬೆಂಕಿ ನೂರಾರು ಪ್ರೇಕ್ಷಕರನ್ನು ಬಲಿ ತೆಗೆದುಕೊಂಡಿತು. ಅದೇ ತಿಂಗಳ 28ರಂದು ಲಂಡನ್ನಿನ ಸವಾಯ್ ಥಿಯೇಟರಿನ ರಂಗ ವಿದ್ಯುದ್ದೀಪಗಳಿಂದ ಬೆಳಗಿತು. ಸಭಾಂಗಣಕ್ಕೆ ಕೆಲವು ವಾರಗಳ ಹಿಂದೆಯೇ ವಿದ್ಯುತ್ತು ಬಂದಿತ್ತು. ಪೂರ್ತಿಯಾಗಿ ವಿದ್ಯುತ್ತಿನಿಂದ ಬೆಳಗಿದ ಮೊದಲ ಸಾರ್ವಜನಿಕ ಕಟ್ಟಡ ಇದೆಂದು ಹೇಳುವುದುಂಟು. ಜನರ ಅಂಜಿಕೆ ಹೋಗಲಾಡಿಸಲು ಒಡೆಯ ರಿಚರ್ಡ್ ಡಾಯ್ಲಿ ಕಾರ್ಟ್ ರಂಗಕ್ಕೆ ಬಂದು, ಉರಿಯುತ್ತಿದ್ದ ಬಲ್ಬಿಗೆ ತೆಳುಬಟ್ಟೆ ಸುತ್ತಿ ಎಲ್ಲರೆದುರು ಒಡೆದರು. ಬಟ್ಟೆಗೆ ಬೆಂಕಿ ಹತ್ತಲಿಲ್ಲ.

ವಿದ್ಯುತ್ತಿನ ದೊಡ್ಡ ಲಾಭ ಸುರಕ್ಷತೆಯಷ್ಟೇ ಆಗಿರಲಿಲ್ಲ. ಜ್ವಾಲೆ ಯಾವಾಗಲೂ ಮೇಲ್ಮುಖವಾಗಿಯೇ ಉರಿಯಬೇಕು, ಬಲ್ಬನ್ನು ಹೇಗೆ ಬೇಕಾದರೂ ತಿರುಗಿಸಬಹುದು. ಬೆಳಕಿಗೆ ದಿಕ್ಕು ಕೊಡುವುದು ಸುಲಭವಾದ ಮೇಲೆ ಕಲಾವಿದರು ಅದನ್ನು ಬಣ್ಣದಂತೆಯೇ ಬಳಸತೊಡಗಿದರು. ಸ್ವಿಟ್ಜರ್ಲೆಂಡಿನ ರಂಗಚಿಂತಕ ಅಡಾಲ್ಫ್ ಆಪಿಯಾ (1862-1928) ಬೆಳಕನ್ನು ಎರಡಾಗಿ ವಿಂಗಡಿಸಿದರು. ಎಲ್ಲೆಡೆ ಹರಡಿ ಕಣ್ಣಿಗೆ ಕಾಣಿಸುವಂತೆ ಮಾಡುವ ಸಾಮಾನ್ಯ ಬೆಳಕು ಒಂದು. ಒಂದು ದಿಕ್ಕಿನಿಂದ ಬಂದು ನೆರಳು ಮೂಡಿಸಿ, ವಸ್ತುವಿಗೆ ಉಬ್ಬುತಗ್ಗು ಕೊಡುವ ಜೀವಂತ ಬೆಳಕು ಇನ್ನೊಂದು. ನೆರಳಿಲ್ಲದೆ ಆಕಾರವಿಲ್ಲ ಎಂಬುದು ಅವರ ವಾದದ ತಿರುಳು. ನಮ್ಮ ಟ್ಯೂಬ್‌ಲೈಟಿನ ಕೋಣೆಯಲ್ಲಿ ಇರುವುದು ಮೊದಲನೆಯದು ಮಾತ್ರ.

ವೆನಿಸ್ಸಿನ ಕೊಡೆದೀಪ

ರಂಗದ ದೀಪ ನೇರವಾಗಿ ಮನೆಯ ಪೀಠೋಪಕರಣವಾದ ಕಥೆ ಬೇಕಾದರೆ ಮರಿಯಾನೊ ಫಾರ್ಚುನಿಯನ್ನು ನೆನೆಯಬೇಕು. 1871ರಲ್ಲಿ ಸ್ಪೇನಿನ ಗ್ರನಾಡಾದಲ್ಲಿ ಹುಟ್ಟಿ ವೆನಿಸ್ಸಿನಲ್ಲಿ ಬದುಕಿದ ಇವರು ಚಿತ್ರಕಾರರು, ಛಾಯಾಗ್ರಾಹಕರು, ಮಡಿಕೆ ಮಡಿಕೆಯ ರೇಷ್ಮೆ ಉಡುಪಿನಿಂದ ಹೆಸರಾದ ವಸ್ತ್ರವಿನ್ಯಾಸಕರು. ಆದರೆ ಅವರ ಮೊದಲ ಹುಚ್ಚುಗಳಲ್ಲಿ ಒಂದು ರಂಗದ ಬೆಳಕು. ದೀಪವನ್ನು ನಟನ ಮೇಲೆ ನೇರವಾಗಿ ಬಿಡದೆ ಮೊದಲು ಬಟ್ಟೆಯ ಮೇಲೆ ಬಿಟ್ಟು, ಅಲ್ಲಿಂದ ಪುಟಿದು ಬರುವ ಮೆತ್ತನೆಯ ಬೆಳಕನ್ನು ಬಳಸುವ ವಿಧಾನವನ್ನು ಅವರು ರೂಪಿಸಿದರು. ಆಕಾಶದ ಭ್ರಮೆ ಹುಟ್ಟಿಸಲು ರಂಗದ ಹಿಂದೆ ಗುಮ್ಮಟದಂತೆ ಬಾಗಿದ ಮೇಲ್ಮೈಯೊಂದನ್ನೂ ಕಟ್ಟಿದರು.

1907ರಲ್ಲಿ ಇದೇ ತತ್ವವನ್ನು ಒಂದು ದೀಪಕ್ಕೆ ಇಳಿಸಿದರು. ಕ್ಯಾಮರಾ ನಿಲ್ಲಿಸುವ ಮುಕ್ಕಾಲಿಯ ಮೇಲೆ ಮಗುಚಿಟ್ಟ ಕೊಡೆಯಂಥ ದೊಡ್ಡ ಬಟ್ಟಲು. ಹೊರಗೆ ಕಪ್ಪು, ಒಳಗೆ ಬಿಳುಪು. ಬಟ್ಟಲನ್ನು ಎತ್ತಬಹುದು, ಇಳಿಸಬಹುದು, ಬೇಕಾದ ಕಡೆಗೆ ಬಾಗಿಸಬಹುದು. ಬಲ್ಬಿನ ಬೆಳಕು ಬಿಳಿಯ ಒಳಮೈಗೆ ಬಡಿದು ಹರಡುತ್ತದೆ. ಈ ವಿನ್ಯಾಸದ ದೀಪ ಇಂದಿಗೂ ತಯಾರಾಗಿ, ದೊಡ್ಡ ಹಜಾರಗಳ ಮೂಲೆಯಲ್ಲಿ ನಿಲ್ಲುತ್ತಿದೆ. ಅದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಾರದು. ಆದರೆ ಬಲ್ಬನ್ನು ಬಿಳಿ ಗೋಡೆಗೆ ಅಥವಾ ಸೂರಿಗೆ ತಿರುಗಿಸಿಟ್ಟ ಇಪ್ಪತ್ತು ಅಡಿ ಕೋಣೆಯ ಸಾಮಾನ್ಯ ಟೇಬಲ್ ದೀಪವೂ ಮಾಡುವುದು ಅದೇ ಕೆಲಸವನ್ನು.

ಗಾಜಿನ ಮನೆಯ ಸಮಸ್ಯೆ

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ನಾಟಕ ವಿಭಾಗದಲ್ಲಿ ಪಾಠ ಹೇಳುತ್ತಿದ್ದ ಸ್ಟ್ಯಾನ್ಲಿ ಮ್ಯಾಕ್‌ಕ್ಯಾಂಡ್ಲೆಸ್ ಮೂಲತಃ ವಾಸ್ತುಶಿಲ್ಪ ಓದಿದವರು. ರಂಗಬೆಳಕಿನ ವಿಧಾನವನ್ನು ಕುರಿತ ಅವರ ಪುಸ್ತಕ 1932ರಲ್ಲಿ ಬಂತು. ನಟನ ಎಡಬಲಗಳಿಂದ, ಸುಮಾರು 45 ಡಿಗ್ರಿ ಎತ್ತರದಿಂದ ಎರಡು ದೀಪ ಬೀಳಬೇಕು, ಒಂದು ಬೆಚ್ಚಗಿನ ಬಣ್ಣದ್ದು, ಇನ್ನೊಂದು ತಣ್ಣಗಿನದು ಎಂಬುದು ಅವರ ಹೆಸರಾಂತ ಸೂತ್ರ. ಆಗ ಮುಖ ಸ್ಪಷ್ಟವಾಗಿಯೂ ಕಾಣುತ್ತದೆ, ಚಪ್ಪಟೆಯೂ ಆಗುವುದಿಲ್ಲ.

ಅದೇ ಯೇಲ್‌ನಲ್ಲಿ 1944ರಲ್ಲಿ ವಾಸ್ತುಶಿಲ್ಪದ ಪದವಿ ಪಡೆದ ರಿಚರ್ಡ್ ಕೆಲ್ಲಿ (1910-1977) ರಂಗದ ವಿದ್ಯೆಯನ್ನು ಕಟ್ಟಡಗಳಿಗೆ ತಂದರು. 1949ರಲ್ಲಿ ವಾಸ್ತುಶಿಲ್ಪಿ ಫಿಲಿಪ್ ಜಾನ್ಸನ್ ಕನೆಕ್ಟಿಕಟ್ ರಾಜ್ಯದ ನ್ಯೂ ಕೇನನ್‌ನಲ್ಲಿ ತಮಗಾಗಿ ಒಂದು ಮನೆ ಕಟ್ಟಿಕೊಂಡರು. ಅದಕ್ಕೆ ನಾಲ್ಕೂ ಕಡೆ ಗಾಜಿನ ಗೋಡೆ. ಹಗಲಿನಲ್ಲಿ ಸುತ್ತಲ ಮರಗಿಡಗಳೇ ಮನೆಯ ಗೋಡೆಗಳಂತಿದ್ದವು. ಆದರೆ ರಾತ್ರಿ ಒಳಗೆ ದೀಪ ಹಚ್ಚಿದರೆ ಗಾಜೆಲ್ಲ ಕನ್ನಡಿಯಾಗುತ್ತಿತ್ತು. ಹೊರಗೆ ಕಗ್ಗತ್ತಲು, ಒಳಗೆ ನಾಲ್ಕೂ ಕಡೆ ತಮ್ಮದೇ ಪ್ರತಿಬಿಂಬ.

ಕೆಲ್ಲಿ ಕೊಟ್ಟ ಪರಿಹಾರ ರಂಗದಿಂದ ಬಂದದ್ದು. ಪ್ರೇಕ್ಷಕರ ಕಡೆ ಕತ್ತಲಿದ್ದು ರಂಗದ ಮೇಲೆ ಬೆಳಕಿದ್ದರೆ ತಾನೆ ನಾಟಕ ಕಾಣುವುದು? ಅವರು ಒಳಗಿನ ಬೆಳಕನ್ನು ತಗ್ಗಿಸಿ, ಹೊರಗಿನ ಹುಲ್ಲು ಮತ್ತು ಮರಗಳ ಮೇಲೆ ಬೆಳಕು ಚೆಲ್ಲಿದರು. ಗಾಜು ಮತ್ತೆ ಪಾರದರ್ಶಕವಾಯಿತು. ದೊಡ್ಡ ಕಿಟಕಿಯ ಮನೆಗಳಲ್ಲಿ ವಾಸಿಸುವ ಯಾರೂ ಇದನ್ನು ಪರೀಕ್ಷಿಸಬಹುದು. ಬಾಲ್ಕನಿಯ ಕುಂಡಗಳ ನಡುವೆ ಒಂದು ಸಣ್ಣ ದೀಪವಿಟ್ಟು ಹಜಾರದ ಬೆಳಕು ಇಳಿಸಿದರೆ, ಕಪ್ಪು ಹಲಗೆಯಂತಿದ್ದ ಕಿಟಕಿ ತೋಟವಾಗುತ್ತದೆ.

1952ರಲ್ಲಿ ಕೆಲ್ಲಿ ಬೆಳಕಿನ ಮೂರು ಬಗೆಗಳನ್ನು ಹೆಸರಿಸಿದರು. ನಮ್ಮ ಅನುಭವಕ್ಕೆ ಹೊಂದಿಸಿ ಹೇಳುವುದಾದರೆ, ಮೊದಲನೆಯದು ಒಂದೆಡೆಗೆ ಗಮನ ಸೆಳೆಯುವ ಬೆಳಕು. ಕತ್ತಲ ಗರ್ಭಗುಡಿಯಲ್ಲಿ ಮಂಗಳಾರತಿಯ ತಟ್ಟೆ ವಿಗ್ರಹದ ಮುಖದ ಬಳಿ ಬಂದಾಗ ಆಗುವಂಥದು. ಎರಡನೆಯದು ಸುತ್ತಲೂ ತುಂಬಿಕೊಂಡ ನೆರಳಿಲ್ಲದ ಬೆಳಕು. ಮಲೆನಾಡಿನ ಮಂಜಿನ ಬೆಳಗಿನಂತೆ. ಮೂರನೆಯದು ಸ್ವತಃ ನೋಡುವ ವಸ್ತುವಾಗಿ ಮಿನುಗುವ ಬೆಳಕು. ಸಾಲುಬಲ್ಬುಗಳಿಂದ ಬೆಳಗಿದ ಮೈಸೂರು ಅರಮನೆ ಇದಕ್ಕೆ ತಕ್ಕ ನಿದರ್ಶನ. ಒಳ್ಳೆಯ ಕೋಣೆಯಲ್ಲಿ ಈ ಮೂರೂ ಹದವಾಗಿ ಬೆರೆತಿರಬೇಕು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡನೆಯದೇ ಮೂರರ ಪಾಲನ್ನೂ ನುಂಗಿರುತ್ತದೆ.

ಯಾವ ಉಪಕರಣ, ಏನು ಕೆಲಸ?

ರಂಗದ ದೀಪಗಳಲ್ಲಿ ಮುಖ್ಯವಾದವು ಕೆಲವೇ. ಫ್ರೆನೆಲ್ ದೀಪದ ಮುಂದೆ ಬಳೆಬಳೆಯಾಗಿ ಗೆರೆಯಿರುವ ಗಾಜು ಇರುತ್ತದೆ. ಫ್ರೆಂಚ್ ವಿಜ್ಞಾನಿ ಫ್ರೆನೆಲ್ ಇದನ್ನು ರೂಪಿಸಿದ್ದು ದೀಪಸ್ತಂಭಗಳಿಗಾಗಿ. ಇದರ ಬೆಳಕಿನ ಅಂಚು ಮೆತ್ತಗೆ ಕರಗಿಹೋಗುತ್ತದೆ. ಪ್ರೊಫೈಲ್ ದೀಪದ್ದು ಇದಕ್ಕೆ ವಿರುದ್ಧ ಗುಣ. ಅಂಚು ಚಾಕುವಿನಿಂದ ಕತ್ತರಿಸಿದಂತೆ ಚೂಪಾಗಿರುತ್ತದೆ. ಒಳಗಿನ ನಾಲ್ಕು ತಗಡುಗಳನ್ನು ಸರಿಸಿ ಬೆಳಕನ್ನು ಒಂದು ಚಿತ್ರಪಟದ ಚೌಕಟ್ಟಿಗೆ ಸರಿಯಾಗಿ ಕೂರಿಸಬಹುದು. ಆಗ ಚಿತ್ರವೇ ಒಳಗಿನಿಂದ ಬೆಳಗುವಂತೆ ಕಾಣುತ್ತದೆ. ಇದೇ ದೀಪಕ್ಕೆ ಗೋಬೊ ಎಂಬ ರಂಧ್ರಚಿತ್ರದ ತಗಡು ಸೇರಿಸಿದರೆ ಬರಿಯ ಗೋಡೆಯ ಮೇಲೆ ಎಲೆಗಳ ನೆರಳು, ಜಾಲಂಧ್ರದ ನೆರಳು ಬೀಳುತ್ತದೆ. ಮನೆಯಲ್ಲಾದರೆ ತಗಡೂ ಬೇಕಿಲ್ಲ. ಗಿಡದ ಕುಂಡದ ಹಿಂದೆ, ನೆಲದ ಮೇಲೆ ಒಂದು ದೀಪವಿಟ್ಟರೆ ಗಿಡವೇ ಗೋಬೊ.

ಪಾರ್ ಕ್ಯಾನ್ ಎಂಬುದು ಡಬ್ಬಿಯ ಆಕಾರದ ಸರಳ ದೀಪ. ಹಳೆಯ ಡಬ್ಬಿಗಳಿಗೆ ಬಣ್ಣ ಬಳಿದು ಹಜಾರದಲ್ಲಿ ತೂಗುಹಾಕುವ ಅಭಿರುಚಿಯೂ ಬೆಳೆದಿದೆ. ಇನ್ನು ಬಣ್ಣದ ಹಾಳೆಗಳು. ರಂಗದಲ್ಲಿ ಅವು ಹೇರಳ, ಮನೆಯಲ್ಲಿ ಮಿತವಾಗಿರುವುದೇ ಲೇಸು. ತಿಳಿ ಅಂಬರ್ ಬಣ್ಣ ಮನುಷ್ಯರ ಮೈಬಣ್ಣಕ್ಕೆ ಒಪ್ಪುತ್ತದೆ. ಹಸಿರು ಬೆಳಕಿನಲ್ಲಿ ಆರೋಗ್ಯವಂತನೂ ರೋಗಿಯಂತೆ ಕಾಣುತ್ತಾನೆ, ಊಟದ ಎಲೆಯಂತೂ ನೋಡುವಂತಿರುವುದಿಲ್ಲ.

ಇವೆಲ್ಲಕ್ಕಿಂತ ಹೆಚ್ಚಾಗಿ ಮನೆಗಳನ್ನು ಬದಲಿಸಿದ್ದು ಡಿಮ್ಮರ್. ರಂಗದಲ್ಲಿ ಅದು ಬಹುಕಾಲ ಕಪಾಟಿನಷ್ಟು ದೊಡ್ಡದಿತ್ತು, ಬೇಡದ ವಿದ್ಯುತ್ತನ್ನು ಶಾಖವಾಗಿ ಸುಡುತ್ತಿತ್ತು. 1959ರಲ್ಲಿ ನ್ಯೂಯಾರ್ಕಿನ ಜೋಯೆಲ್ ಸ್ಪೈರಾ ಗೋಡೆಯ ಸ್ವಿಚ್ ಪೆಟ್ಟಿಗೆಯೊಳಗೇ ಹಿಡಿಸುವ ಎಲೆಕ್ಟ್ರಾನಿಕ್ ಡಿಮ್ಮರ್ ರೂಪಿಸಿದರು. 1961ರಲ್ಲಿ ಲೂಟ್ರಾನ್ ಕಂಪನಿ ಆರಂಭವಾಯಿತು. ಇದು ವಿದ್ಯುತ್ತನ್ನು ಸುಡುವುದಿಲ್ಲ. ಪ್ರತಿ ಕ್ಷಣವೂ ಹಲವಾರು ಬಾರಿ ಕಣ್ಣಿಗೆ ಗೊತ್ತಾಗದಷ್ಟು ಬೇಗ ತಡೆದು ಬಿಡುತ್ತದೆ. ಹೀಗೆ ರಂಗಮಂದಿರದ ನಿಯಂತ್ರಣ ಗೃಹಸ್ಥರ ಬೆರಳ ತುದಿಗೆ ಬಂತು.

ನಮ್ಮವರಿಗೆ ಹೊಸತೇ?

ಬೆಳಕಿನ ಈ ಲೆಕ್ಕಾಚಾರ ನಮಗೆ ಪರದೇಶದಿಂದಲೇ ಬರಬೇಕಾಗಿರಲಿಲ್ಲ. ಯಕ್ಷಗಾನದ ವೇಷಭೂಷಣ ರೂಪುಗೊಂಡದ್ದು ದೊಂದಿಯ ಬೆಳಕಿನಲ್ಲಿ. ಕಿರೀಟ, ಭುಜಕೀರ್ತಿಗಳ ಬೇಗಡೆಯ ಹೊಳಪು, ಮುಖದ ದಟ್ಟ ಬಣ್ಣ ಎಲ್ಲವೂ ಆ ಅಲುಗುವ ಕೆಂಬೆಳಕಿಗೆ ಹೊಂದುವಂಥವು. ಗ್ಯಾಸ್‌ಲೈಟು ಬಂದು, ಅದರ ಹಿಂದೆ ಟ್ಯೂಬ್‌ಲೈಟುಗಳ ಸಾಲು ಬಂದ ಮೇಲೆ ದೂರದವರಿಗೂ ಆಟ ಚೆನ್ನಾಗಿ ಕಂಡಿತು ನಿಜ. ಆದರೆ ಕತ್ತಲಿನಿಂದ ಎದ್ದುಬರುತ್ತಿದ್ದ ರಾಕ್ಷಸ ಅರ್ಧದಷ್ಟು ಭಯವನ್ನು ಕಳೆದುಕೊಂಡ. ತೊಗಲುಗೊಂಬೆಯಾಟದವರು ಬಿಳಿ ಪರದೆಯ ಹಿಂದೆ ದೀಪವಿಟ್ಟು, ಹದಮಾಡಿದ ಚರ್ಮದ ಮೂಲಕವೇ ಬಣ್ಣ ಹೊಳೆಯುವಂತೆ ಮಾಡಿದರು. ಇಂದಿನ ಅಲಂಕಾರ ದೀಪಗಳ ಮುಖ್ಯ ಉಪಾಯವೂ ಇದೇ.

ಹಳೆಯ ಮನೆಗಳನ್ನು ನೋಡಿ. ಗೋಡೆಯಲ್ಲಿ ಕೊರೆದ ದೀಪದ ಗೂಡು ಜ್ವಾಲೆಯನ್ನು ಗಾಳಿಯಿಂದ ಕಾಯುವುದರ ಜೊತೆಗೆ, ಸುಣ್ಣ ಬಳಿದ ಒಳಮೈಯಿಂದ ಬೆಳಕನ್ನು ಪುಟಿಸಿ ಹರಡುತ್ತಿತ್ತು. ಹೆಂಚಿನ ಮಾಡಿನ ನಡುವೆ ಕೂರಿಸಿದ ಒಂದೇ ಒಂದು ಗಾಜಿನ ಹೆಂಚು ಅಡುಗೆಮನೆಯ ಹೊಗೆಯ ನಡುವೆ ಬಿಸಿಲಿನ ಕೋಲೊಂದನ್ನು ಇಳಿಬಿಡುತ್ತಿತ್ತು. ತೊಟ್ಟಿ ಮನೆಯ ನಡುವಿನ ಬಯಲಿನಿಂದ ಬಂದ ಬೆಳಕು ಪಡಸಾಲೆಯಲ್ಲಿ ಪ್ರಖರವಾಗಿ, ಕೋಣೆಗಳಲ್ಲಿ ಮಂದವಾಗಿ ಇರುತ್ತಿತ್ತು. 1905ರಲ್ಲಿ ಬೆಂಗಳೂರಿಗೆ ವಿದ್ಯುದ್ದೀಪ ಬಂದ ಮೇಲಿನ ದಶಕಗಳಲ್ಲಿ ನಾವು ಬೆಳಕಿನ ಪ್ರಮಾಣವನ್ನು ಗಳಿಸಿದೆವು, ಈ ಹದವನ್ನು ಮರೆತೆವು.

ಎಚ್ಚರಿಕೆಯ ಮಾತು

ರಂಗದ ದೀಪವನ್ನೇ ಮನೆಗೆ ತರಬೇಕೆನ್ನುವವರು ಕೆಲವು ಸಂಗತಿಗಳನ್ನು ನೆನಪಿಡಬೇಕು. 1000 ವಾಟಿನ ಒಂದು ಹಳೆಯ ಪಾರ್ ದೀಪ ನಮ್ಮ 230 ವೋಲ್ಟಿನಲ್ಲಿ 4 ಆಂಪಿಯರಿಗೂ ಹೆಚ್ಚು ವಿದ್ಯುತ್ತು ಎಳೆಯುತ್ತದೆ. ಎರಡು ಸೇರಿದರೆ ಮನೆಯ ಸಾಮಾನ್ಯ ಲೈಟಿನ ವೈರಿಗೆ ಭಾರವಾಗುತ್ತದೆ. ಅದರ ಡಬ್ಬಿ ಮುಟ್ಟಿದರೆ ಕೈ ಸುಡುತ್ತದೆ, ಪರದೆಗೆ ತಗುಲಿದರೆ ಬೆಂಕಿಯೇ ಹತ್ತಬಹುದು. ತೀರ ಹಳೆಯ ದೀಪಗಳ ವೈರಿಗೆ ಕಲ್ನಾರಿನ ಹೊದಿಕೆಯಿರುವುದುಂಟು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಹಾಗಾಗಿ ಒಳಗಿನ ವೈರು, ಹೋಲ್ಡರ್ ಎಲ್ಲವನ್ನೂ ತಿಳಿದವರಿಂದ ತೆಗೆಸಿ, ಕಡಿಮೆ ವಾಟಿನ ಎಲ್‌ಇಡಿ ಬಲ್ಬು ಹಾಕಿಸುವುದು ಜಾಣತನ. ಡಿಮ್ಮರಿಗೆ ಹೊಂದುವ ಎಲ್‌ಇಡಿಯನ್ನೇ ಕೇಳಿ ಕೊಳ್ಳಬೇಕು, ಇಲ್ಲವಾದರೆ ಮಿಣುಕುತ್ತದೆ. ಜಿಪ್ಸಮ್ ಸೂರಿಗೆ ದೀಪದ ಭಾರ ಹೊರಿಸದೆ ಕಾಂಕ್ರೀಟಿಗೇ ಕೊಕ್ಕೆ ಹಾಕಿ, ರಂಗದವರಂತೆ ಎರಡನೆಯ ಆಸರೆಯಾಗಿ ಒಂದು ಸರಪಳಿಯನ್ನೂ ಬಿಗಿಯಬೇಕು.

ಇನ್ನೊಂದು ಮಾತು ಮನೆಯ ಹಿರಿಯರ ಬಗ್ಗೆ. ಅರವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಪಾಲು ಮಾತ್ರ. ಚೆಂದಕ್ಕಾಗಿ ಮೆಟ್ಟಿಲು, ಬಚ್ಚಲಿನ ಬಾಗಿಲುಗಳನ್ನು ಕತ್ತಲಲ್ಲಿಡುವುದು ಅವರನ್ನು ಬೀಳಿಸಿದಂತೆ. ಅವರಿಗೆ ಬೇಕಾದದ್ದು ಕಣ್ಣಿಗೆ ಚುಚ್ಚದಂತೆ ಮರೆಮಾಡಿದ, ಆದರೆ ಓದುವ ಪುಟದ ಮೇಲೆ ಧಾರಾಳವಾಗಿ ಬೀಳುವ ಬೆಳಕು. ಕೆಲ್ಲಿ ಹೇಳಿದ ಮೊದಲ ಬಗೆಯ ಬೆಳಕಿನ ನಿಜವಾದ ಉಪಯೋಗ ಇಲ್ಲಿದೆ.

ಹೊಸ ನಾಟಕಕ್ಕೆ ಬೆಳಕು ಕೂರಿಸುವವರು ಸಾಮಾನ್ಯವಾಗಿ ಮೊದಲು ಎಲ್ಲ ದೀಪಗಳನ್ನೂ ಆರಿಸುತ್ತಾರೆ. ಕತ್ತಲಾದ ರಂಗದ ಮೇಲೆ ಒಂದೊಂದೇ ದೀಪ ಹಚ್ಚಿ, ಇದು ಏತಕ್ಕೆ ಬೇಕು ಎಂದು ಕೇಳಿಕೊಳ್ಳುತ್ತಾರೆ. ಉತ್ತರ ಸಿಗದ ದೀಪ ಆರಿಹೋಗುತ್ತದೆ. ಖರ್ಚಿಲ್ಲದ ಈ ಪ್ರಯೋಗವನ್ನು ಯಾವ ಮನೆಯಲ್ಲಾದರೂ ಒಂದು ಸಂಜೆ ಮಾಡಬಹುದು. ಟ್ಯೂಬ್‌ಲೈಟ್ ಆರಿಸಿ, ಮನೆಮಂದಿ ಕೂರುವ ಕಡೆ ಒಂದು ದೀಪ, ಗೋಡೆಯ ಕಡೆಗೆ ತಿರುಗಿಸಿ ಇನ್ನೊಂದು ದೀಪ ಇಟ್ಟು ನೋಡಬೇಕು. ಹೊಸ ಪೀಠೋಪಕರಣ ಕೊಳ್ಳುವ ಯೋಚನೆಯನ್ನು ಅದಾದ ಮೇಲೆ ಮಾಡಿದರೂ ತಡವಾಗದು.