ಕೆರೆಯ ಸಂಸಾರ

ಪರಿಸರದ ಪಾಠವನ್ನೋದುವ ವಿದ್ಯಾರ್ಥಿಗೆ ಪಠ್ಯಪುಸ್ತಕವು ಸಾಮಾನ್ಯವಾಗಿ ಒಂದು ಕೊಳದ ಚಿತ್ರವನ್ನು ತೋರಿಸುತ್ತದೆ: ತಿಳಿನೀರು, ತಾವರೆ, ಕಪ್ಪೆ, ದಡದಲ್ಲೊಂದು ಬಕ. ಬ್ರೂಕ್‌ಫೀಲ್ಡಿನ ಮಕ್ಕಳಿಗಾದರೋ ಚಿತ್ರದ ಹಂಗಿಲ್ಲ. ಅವರ ಮನೆಗಳಿಂದ ಕೆಲವೇ ಕಿಲೋಮೀಟರು ದೂರದಲ್ಲಿ ವರ್ತೂರು ಕೆರೆಯಿದೆ.

1935ರಲ್ಲಿ ಆಂಗ್ಲ ಸಸ್ಯವಿಜ್ಞಾನಿ ಟ್ಯಾನ್ಸ್ಲೆಯವರು ‘ಇಕೋಸಿಸ್ಟಂ’ ಎಂಬ ಪದವನ್ನು ತಮ್ಮ ಲೇಖನವೊಂದರಲ್ಲಿ ಬಳಕೆಗೆ ತಂದರು. ಜೀವಿಗಳನ್ನೂ ಅವು ಬಾಳುವ ನೀರು, ಮಣ್ಣು, ಗಾಳಿ, ಬೆಳಕುಗಳನ್ನೂ ಒಂದೇ ಸಂಸಾರವೆಂದು ತಿಳಿಯಬೇಕೆಂಬುದು ಅದರ ತಾತ್ಪರ್ಯ. ಕೆರೆಯ ಸಂಸಾರದಲ್ಲಿ ದುಡಿದು ತರುವುದು ಹಸಿರು ಪಾಚಿ. ಬಿಸಿಲನ್ನು ಅನ್ನವಾಗಿಸುವ ವಿದ್ಯೆ ಅದರದು. ಅದನ್ನು ಕಿರುಜೀವಿಗಳು, ಅವನ್ನು ಮೀನು, ಮೀನನ್ನು ಬಕ ತಿನ್ನುತ್ತವೆ. ಸತ್ತುದನ್ನೆಲ್ಲ ಕೊಳೆಯಿಸಿ ಮತ್ತೆ ಗೊಬ್ಬರವಾಗಿಸುವ ಸೂಕ್ಷ್ಮಾಣುಗಳು ಯಾರ ಕಣ್ಣಿಗೂ ಬೀಳವು. ಅವಿಲ್ಲದೆ ಮನೆ ನಡೆಯದು.

ಬೆಂಗಳೂರಿನ ಕೆರೆಗಳು ಒಂಟಿಯಲ್ಲ. ಒಂದರ ಕೋಡಿ ಬಿದ್ದರೆ ಮುಂದಿನದು ತುಂಬುತ್ತದೆ. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಯ ನೀರು ವರ್ತೂರಿಗೆ, ವರ್ತೂರಿನದು ದಕ್ಷಿಣ ಪಿನಾಕಿನಿಗೆ ಹರಿಯುತ್ತದೆ. ಮಳೆನೀರಿಗೆಂದು ಹಿರಿಯರು ಕಟ್ಟಿದ ಈ ಸರಪಳಿಗೆ ನಗರವು ತನ್ನ ಬಚ್ಚಲನ್ನು ತಿರುಗಿಸಿತು. ಕೊಳಚೆಯಲ್ಲಿರುವ ಸಾರಜನಕ, ರಂಜಕಗಳು ಹೊಲಕ್ಕೆ ಹಾಕುವ ಗೊಬ್ಬರವೇ. ಆದರೆ ಅತಿಯಾದ ಉಣಿಸು ಅಜೀರ್ಣವಲ್ಲವೇ? ಅದನ್ನುಂಡ ಅಂತರಗಂಗೆ ಕೆರೆಯನ್ನೇ ಹೊದೆಯಿತು. ಬೆಳಕು ಕಾಣದೆ ಕೆಳಗಿನ ಪಾಚಿ ಸತ್ತಿತು. ಅದನ್ನು ಕೊಳೆಯಿಸಹೊರಟ ಸೂಕ್ಷ್ಮಾಣುಗಳೇ ನೀರಿನಲ್ಲಿದ್ದ ಆಮ್ಲಜನಕವನ್ನು ಮುಗಿಸಿಬಿಟ್ಟವು. ಮೀನಿಗೆ ಉಸಿರು ಸಿಗದಾಯಿತು.

ಇದರೊಡನೆ ಬಟ್ಟೆ ಒಗೆಯುವ ಪುಡಿಯ ಮಾರ್ಜಕಗಳೂ ಸೇರಿದವು. ಕೋಡಿಯಲ್ಲಿ ಧುಮುಕುವ ನೀರು ಗಾಳಿಯೊಡನೆ ಕಡೆದುಕೊಂಡು ರಾಶಿ ರಾಶಿ ನೊರೆಯಾಯಿತು. 2015ರಲ್ಲಿ ಆ ನೊರೆ ವರ್ತೂರಿನ ರಸ್ತೆಗೇ ಹಾರಿ ಬಂದಿತು. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಎದ್ದು ದಟ್ಟ ಹೊಗೆ ಕವಿಯಿತು. ಕೆರೆಗೆ ಬೆಂಕಿ ಬೀಳುವುದನ್ನು ನಮ್ಮ ಗಾದೆಗಾರರೂ ಊಹಿಸಿರಲಾರರು!

2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಅಧ್ಯಕ್ಷತೆಯಲ್ಲಿ ಉಸ್ತುವಾರಿ ಸಮಿತಿಯನ್ನು ನೇಮಿಸಿತು. ಮುಂದೆ ಎರಡೂ ಕೆರೆಗಳ ಹೂಳೆತ್ತುವ ಕೆಲಸ ನಡೆಯಿತು. ತಳದಲ್ಲಿ ವರ್ಷಾನುಗಟ್ಟಲೆ ಕೂಡಿದ್ದ ರಂಜಕವೂ ಹೂಳಿನೊಡನೆ ಹೊರಬೀಳುವುದರಿಂದ ಅದು ಸಲ್ಲತಕ್ಕ ಕೆಲಸವೇ. ಆದರೆ ಬಚ್ಚಲ ನೀರು ಶುದ್ಧಿಯಾಗದೆ ಒಳಬರುತ್ತಿದ್ದರೆ ಇದೇ ಕಥೆ ಮೊದಲಿನಿಂದ ಆರಂಭವಾಗುತ್ತದೆ. ಅಷ್ಟೇ ಅಲ್ಲ, ಕಥೆ ವರ್ತೂರಿನಲ್ಲಿ ಮುಗಿಯುವುದೂ ಇಲ್ಲ. ಹೊಳೆ ಗಡಿಯನ್ನು ದಾಟಿದ ಮೇಲೆ ಹೊಸೂರಿನ ಕೆಲವರಪಲ್ಲಿ ಅಣೆಕಟ್ಟಿನಲ್ಲಿಯೂ ನೊರೆ ಕಾಣಿಸಿಕೊಂಡಿರುವುದುಂಟು. ಆ ಅಣೆಕಟ್ಟಿನ ನೀರನ್ನೇ ಕಾಲುವೆಗೆ ಬಿಟ್ಟುಕೊಂಡು ಅಲ್ಲಿಯ ರೈತರು ಬೆಳೆ ತೆಗೆಯುತ್ತಾರೆ.