ಟೆನ್ಷನ್, ರಕ್ತನಾಳ ಮತ್ತು ಒಂದು ಜೀನ್ ಇಲ್ಲದ ಇಲಿ

"ಜಾಸ್ತಿ ಟೆನ್ಷನ್ ಮಾಡ್ಕೋಬೇಡ, ಹಾರ್ಟಿಗೆ ಒಳ್ಳೇದಲ್ಲ." ಇಂಟರ್ನಲ್ಸ್ ಹೊತ್ತಿಗೆ ಮನೆಗೆ ಫೋನ್ ಮಾಡಿದರೆ ಈ ಮಾತು ಕೇಳದವರು ಯಾರಿದ್ದಾರೆ? ನಾವೂ "ಹೂಂ" ಅಂದು ಫೋನ್ ಇಡ್ತೀವಿ. ಆದರೆ ಇಲ್ಲೊಂದು ಒಳ್ಳೆ ಪ್ರಶ್ನೆ ಇದೆ. ಟೆನ್ಷನ್ ಇರೋದು ತಲೆಯಲ್ಲಿ. ಅದು ಎದೆಯ ರಕ್ತನಾಳಕ್ಕೆ ತಲುಪೋದು ಯಾವ ದಾರಿಯಲ್ಲಿ?

ಮನುಷ್ಯರಲ್ಲಿ ಇದನ್ನು ಪರೀಕ್ಷಿಸೋದು ಕಷ್ಟ. ಟೆನ್ಷನ್ ಇರುವವರು ನಿದ್ದೆಗೆಡುತ್ತಾರೆ, ಕೆಲವರು ಸಿಗರೇಟು ಸೇದುತ್ತಾರೆ, ಮಧ್ಯರಾತ್ರಿ ಗೋಬಿ ಮಂಚೂರಿ ತಿನ್ನುತ್ತಾರೆ. ಇದರಲ್ಲಿ ತಪ್ಪು ಯಾವುದರದ್ದು? ವೇರಿಯಬಲ್‌ಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ. ಮೇಲಾಗಿ, ನಾಳದ ಗೋಡೆಯಲ್ಲಿ ಕೊಬ್ಬು ಕಟ್ಟಿಕೊಂಡು 'ಪ್ಲಾಕ್' ಬೆಳೆಯೋಕೆ ದಶಕಗಳೇ ಬೇಕು. ಅದಕ್ಕೇ ವಿಜ್ಞಾನಿಗಳು ಇಲಿಯ ಮೊರೆ ಹೋದರು.

ಅಲ್ಲೂ ಒಂದು ತೊಡಕು. ಸಾಮಾನ್ಯ ಇಲಿಗೆ ಈ ಕಾಯಿಲೆ ಬರೋದೇ ಇಲ್ಲ! ಅದರ ರಕ್ತದಲ್ಲಿ ಕೊಲೆಸ್ಟ್ರಾಲ್ ಕಡಿಮೆ, ಇರುವುದರಲ್ಲೂ ಹೆಚ್ಚಿನ ಪಾಲು 'ಒಳ್ಳೆಯ' ಎಚ್‌ಡಿಎಲ್ ರೂಪದಲ್ಲಿರುತ್ತದೆ. ಸರ್ಕ್ಯೂಟ್ ಅರ್ಥವಾಗಬೇಕಾದರೆ ನಾವು ಬೇಕಂತಲೇ ಒಂದು ವೈರ್ ಕಿತ್ತು ನೋಡ್ತೀವಲ್ಲ, ಇಲಿಯಲ್ಲೂ ಹಾಗೇ ಒಂದು ಜೀನ್ ಕಿತ್ತರು.

ಆ ಜೀನ್ ತಯಾರಿಸುವ ಪ್ರೋಟೀನಿನ ಹೆಸರು ಅಪೋ-ಇ. ಇದನ್ನು ಕೊರಿಯರ್ ಪಾರ್ಸೆಲ್ ಮೇಲಿನ ವಿಳಾಸದ ಚೀಟಿ ಅಂದುಕೊಳ್ಳಿ. ರಕ್ತದಲ್ಲಿ ತೇಲುವ ಕೊಬ್ಬಿನ ಕಣಗಳ ಮೇಲೆ ಈ ಚೀಟಿ ಇದ್ದರೆ ಲಿವರ್ ಅವನ್ನು ಗುರುತಿಸಿ ಒಳಗೆ ಎಳೆದುಕೊಳ್ಳುತ್ತದೆ. ಚೀಟಿ ಇಲ್ಲದ ಪಾರ್ಸೆಲ್ ಊರೆಲ್ಲ ಸುತ್ತುತ್ತಲೇ ಇರುತ್ತದೆ. 1992ರಲ್ಲಿ ಅಮೆರಿಕದ ಎರಡು ತಂಡಗಳು, ನಾರ್ತ್ ಕೆರೊಲಿನಾದಲ್ಲಿ ನೊಬುಯೊ ಮಯೆದಾ ಅವರದು, ನ್ಯೂಯಾರ್ಕ್‌ನ ರಾಕೆಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಯಾನ್ ಬ್ರೆಸ್ಲೋ ಅವರದು, ಅಪೋ-ಇ ಇಲ್ಲದ ಇಲಿಗಳನ್ನು ವರದಿ ಮಾಡಿದವು. ಇವುಗಳ ಕೊಲೆಸ್ಟ್ರಾಲ್ ಸಾಮಾನ್ಯ ಇಲಿಗಿಂತ ಹಲವು ಪಟ್ಟು ಹೆಚ್ಚು. ಮಾಮೂಲಿ ಆಹಾರ ತಿಂದರೂ ಕೆಲವೇ ತಿಂಗಳಲ್ಲಿ ಪ್ಲಾಕ್ ಶುರು. ಹೀಗೆ ಗುರಿಯಿಟ್ಟು ಜೀನ್ ಬದಲಿಸುವ ವಿಧಾನಕ್ಕೆ 2007ರ ನೊಬೆಲ್ ಬಂತು.

ಈಗ ಟೆನ್ಷನ್ ಪರೀಕ್ಷೆ. 2014ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಮಥಿಯಾಸ್ ನಾರೆನ್‌ಡಾರ್ಫ್ ತಂಡ ಮೊದಲು ನೋಡಿದ್ದು ಐಸಿಯು ಡ್ಯೂಟಿಯಲ್ಲಿದ್ದ 29 ಯುವ ವೈದ್ಯರ ರಕ್ತವನ್ನು. ಒಂದೇ ವಾರದ ಡ್ಯೂಟಿಯಲ್ಲಿ ಬಿಳಿ ರಕ್ತಕಣಗಳು ಏರಿದ್ದವು. ಯಾಕೆ ಅಂತ ತಿಳಿಯಲು ಇಲಿಗಳಿಗೆ ವಾರಗಟ್ಟಲೆ ಕಿರಿಕಿರಿ ಕೊಟ್ಟರು: ಪಂಜರ ಓರೆ ಮಾಡೋದು, ಬೆಳಕು-ಕತ್ತಲೆ ಬೇಗಬೇಗ ಬದಲಿಸೋದು, ಒಂಟಿಯಾಗಿಟ್ಟು ಆಮೇಲೆ ಗುಂಪಿನಲ್ಲಿ ತುಂಬೋದು.

ದಾರಿ ಸಿಕ್ಕಿತು. ಒತ್ತಡಕ್ಕೆ ಸಿಕ್ಕ ನರಗಳು ಮೂಳೆಮಜ್ಜೆಯಲ್ಲಿ ನಾರ್‌ಅಡ್ರಿನಲಿನ್ ಸುರಿಸುತ್ತವೆ. ಅಲ್ಲಿ ಕಾಂಡಕೋಶಗಳಿಗೆ ಬ್ರೇಕ್ ಹಾಕಿಡುವ ಒಂದು ಪ್ರೋಟೀನ್ ಇದೆ, ಅದರ ಮಟ್ಟ ಇಳಿಯುತ್ತದೆ. ಬ್ರೇಕ್ ಸಡಿಲವಾದ ಕಾಂಡಕೋಶಗಳು ಒಂದೇ ಸಮನೆ ವಿಭಜಿಸಿ, ಉರಿಯೂತ ಎಬ್ಬಿಸುವ ಬಿಳಿಕಣಗಳನ್ನು ರಕ್ತಕ್ಕೆ ಕಳಿಸುತ್ತವೆ. ಅಪೋ-ಇ ಇಲ್ಲದ ಇಲಿಗಳಲ್ಲಿ ಅವು ಪ್ಲಾಕ್‌ನೊಳಗೆ ನುಗ್ಗಿ ಅದನ್ನು ದುರ್ಬಲ ಮಾಡಿದವು. ಮನುಷ್ಯರಲ್ಲಿ ಒಡೆದು ಹಾರ್ಟ್ ಅಟ್ಯಾಕ್ ತರೋದು ಇಂಥ ದುರ್ಬಲ ಪ್ಲಾಕ್‌ಗಳೇ.

2019ರಲ್ಲಿ ಅದೇ ಆಸ್ಪತ್ರೆಯ ಫಿಲಿಪ್ ಸ್ವಿರ್ಸ್ಕಿ ತಂಡ ನಿದ್ದೆಯ ಕಡೆ ತಿರುಗಿತು. ಇಲಿ ಮಲಗುವ ಹೊತ್ತಲ್ಲಿ 2 ನಿಮಿಷಕ್ಕೊಮ್ಮೆ ಪಂಜರದ ತಳದಲ್ಲಿ ಒಂದು ಸರಳು ಸರಿದು ಎಬ್ಬಿಸುತ್ತಿತ್ತು. ವಾರಗಳ ನಂತರ ನೋಡಿದರೆ ತೂಕ, ಕೊಲೆಸ್ಟ್ರಾಲ್ ಎರಡೂ ಚೆನ್ನಾಗಿ ಮಲಗಿದ ಇಲಿಗಳಷ್ಟೇ. ಪ್ಲಾಕ್ ಮಾತ್ರ ದೊಡ್ಡದು! ಅಂದರೆ ಬರೀ ಕೊಲೆಸ್ಟ್ರಾಲ್ ರಿಪೋರ್ಟ್ ನೋಡಿದ್ದರೆ ಈ ವ್ಯತ್ಯಾಸ ಗೊತ್ತೇ ಆಗುತ್ತಿರಲಿಲ್ಲ.

ಹಾಗಂತ ಇಲಿ ಅಂದರೆ ಪುಟ್ಟ ಮನುಷ್ಯ ಅಲ್ಲ. ಅದರ ಪ್ಲಾಕ್ ನಮ್ಮದರಂತೆ ಒಡೆಯೋದು ಅಪರೂಪ. ಅಷ್ಟು ಎತ್ತರದ ಕೊಲೆಸ್ಟ್ರಾಲ್ ನಮ್ಮಲ್ಲಿ ಹೆಚ್ಚಿನವರಿಗೆ ಇರಲ್ಲ. ಈ ಪ್ರಯೋಗಗಳು ತೋರಿಸೋದು ದಾರಿ ಇದೆ ಅಂತ, ಅದರಲ್ಲಿ ಎಷ್ಟು ಟ್ರಾಫಿಕ್ ಇದೆ ಅಂತ ಅಲ್ಲ. ಸಿಗರೇಟು, ಬಿಪಿ, ಶುಗರ್, ಕೊಲೆಸ್ಟ್ರಾಲ್ ಇವತ್ತಿಗೂ ದೊಡ್ಡ ಅಪಾಯಗಳೇ.

ಇನ್ನೊಂದು ಮಾತು. ಎರಡೂ ಪ್ರಯೋಗಗಳು ನಡೆದದ್ದು ವಾರಗಟ್ಟಲೆ. ಪರೀಕ್ಷೆಯ ಹಿಂದಿನ ಒಂದು ರಾತ್ರಿ ನಿದ್ದೆಗೆಟ್ಟ ಮಾತ್ರಕ್ಕೆ ಗಾಬರಿ ಬೇಡ. ಇಡೀ ಸೆಮಿಸ್ಟರ್ ಹಾಗೇ ಕಳೆಯೋದು ಮಾತ್ರ ಬೇರೆ ಲೆಕ್ಕ. ಆ ಇಲಿಗೆ ಸರಳನ್ನು ನಿಲ್ಲಿಸೋಕೆ ಆಗುತ್ತಿರಲಿಲ್ಲ, ಪ್ರಯೋಗ ಮುಗಿದ ಮೇಲೆ ಅದು ಉಳಿಯಲೂ ಇಲ್ಲ. ನಮ್ಮ ಮೊಬೈಲ್ ಪಕ್ಕಕ್ಕಿಟ್ಟು ಮಲಗೋದು ನಮ್ಮ ಕೈಯಲ್ಲೇ ಇದೆ.

ಮುಂದಿನ ಸಲ ಅಮ್ಮ "ಟೆನ್ಷನ್ ಮಾಡ್ಕೋಬೇಡ" ಅಂದರೆ, "ಹೂಂ" ಅನ್ನೋ ಮುಂಚೆ ಒಂದು ಕ್ಷಣ ಮೂಳೆಮಜ್ಜೆ ನೆನಪಿಸಿಕೊಳ್ಳಿ.