ಕ್ರೈಸ್ತಮತದಲ್ಲಿ ಚಿತ್ರಕಲೆಯ ಸ್ಥಾನ: ಮಂಗಳೂರಿನ ಎರಡು ನಿದರ್ಶನಗಳು

ಕ್ರೈಸ್ತಮತವು ಪ್ರತಿಮೆಯನ್ನು ಒಲ್ಲದ ಮತವೆಂಬ ಭಾವನೆಯು ಕನ್ನಡನಾಡಿನ ವಿದ್ವಾಂಸರಲ್ಲಿ ಬಹುಮಟ್ಟಿಗೆ ರೂಢವಾಗಿದೆ. ಆದರೆ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರವನ್ನು ಹೊಕ್ಕವರಿಗೆ ಇದಕ್ಕೆ ತೀರ ವಿರುದ್ಧವಾದ ನೋಟವು ಕಾಣುತ್ತದೆ. ಅಲ್ಲಿ ಗೋಡೆಯೂ ಮೇಲ್ಛಾವಣಿಯೂ ಚಿತ್ರಗಳಿಂದ ತುಂಬಿವೆ. ಅದೇ ಊರಿನಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ನಿನವರಾದರೋ ಚಿತ್ರಕ್ಕಿಂತ ಅಕ್ಷರಕ್ಕೇ ಹೆಚ್ಚಿನ ಮನ್ನಣೆಯನ್ನಿತ್ತರು. ಒಂದೇ ಗ್ರಂಥವನ್ನು ಪ್ರಮಾಣವೆಂದು ಹಿಡಿದವರಲ್ಲಿ ಇಂತಹ ಭೇದವುಂಟಾದುದೇಕೆ ಎಂಬುದು ವಿಚಾರಣೀಯವಾಗಿದೆ.

ಮೊದಲು ಪೂರ್ವಪಕ್ಷ. ಬೈಬಲಿನ ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ ವಿಗ್ರಹವನ್ನು ಮಾಡಿ ಪೂಜಿಸಕೂಡದೆಂಬ ನಿಷೇಧವಿದೆ. ಆದುದರಿಂದ ಕಲೆಗೆ ಈ ಮತದಲ್ಲಿ ಎಡೆಯಿಲ್ಲವೆಂದು ತೋರಬಹುದು. ಆದರೆ ಅದೇ ಕಾಂಡದ 31ನೆಯ ಅಧ್ಯಾಯವು ಬೆಚಲೇಲನೆಂಬ ಶಿಲ್ಪಿಯನ್ನು ದೇವರೇ ಹೆಸರು ಹಿಡಿದು ಕರೆದು, ಚಿನ್ನ, ಬೆಳ್ಳಿ, ಮರಗಳ ಕೆಲಸಕ್ಕೆ ಬೇಕಾದ ಜಾಣ್ಮೆಯನ್ನು ತನ್ನ ಆತ್ಮದಿಂದಲೇ ತುಂಬಿದನೆಂದು ಹೇಳುತ್ತದೆ. ನಿಷೇಧವೂ ವಿಧಿಯೂ ಒಂದೆಡೆಯೇ ಇರುವುದರಿಂದ, ನಿಷಿದ್ಧವಾದುದು ಶಿಲ್ಪವಲ್ಲ, ಶಿಲ್ಪವನ್ನೇ ದೇವರೆಂದು ಭಾವಿಸುವುದು ಎಂದು ಒಂದು ಪಕ್ಷದವರು ನಿರ್ಣಯಿಸಿದರು.

ಈ ನಿರ್ಣಯವು ಸುಲಭವಾಗಿ ನೆಲೆಗೊಳ್ಳಲಿಲ್ಲ. ಕ್ರಿ. ಶ. 8ನೆಯ ಶತಮಾನದಲ್ಲಿ ಬೈಜಾಂಟಿಯಮ್ ಸಾಮ್ರಾಜ್ಯದ ಚಕ್ರವರ್ತಿಗಳು ಚಿತ್ರಗಳನ್ನು ತೆಗೆಯಿಸಿದರು, ಒಡೆಯಿಸಿದರು. ಡಮಾಸ್ಕಸಿನ ಯೋಹಾನನು ಇದನ್ನು ಖಂಡಿಸಿ, ಕಾಣದ ದೇವರನ್ನು ಚಿತ್ರಿಸಲಾಗದು ನಿಜ, ಆದರೆ ಶರೀರವನ್ನು ಧರಿಸಿ ಬಂದವನನ್ನು ಚಿತ್ರಿಸಬಹುದು ಎಂದು ವಾದಿಸಿದನು. 787ರಲ್ಲಿ ನಿಕೇಯದಲ್ಲಿ ಸೇರಿದ ಮಹಾಸಭೆಯು ಚಿತ್ರಕ್ಕೆ ಸಲ್ಲುವ ಗೌರವ ಬೇರೆ, ದೇವರೊಬ್ಬನಿಗೇ ಸಲ್ಲುವ ಆರಾಧನೆ ಬೇರೆ ಎಂದು ವಿಭಾಗಿಸಿ, ಚಿತ್ರಕ್ಕೆ ಮಾಡಿದ ವಂದನೆಯು ಚಿತ್ರಿತನಾದವನನ್ನು ಸೇರುತ್ತದೆಂದು ಸಾರಿತು.

ವೇದಾಂತವನ್ನು ಓದಿದವರಿಗೆ ಈ ವಾದಸರಣಿಯು ಹೊಸದೆನಿಸಲಾರದು. ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯದ ಮೊದಲ ಪಾದದಲ್ಲಿ ಪ್ರತೀಕೋಪಾಸನೆಯ ವಿಚಾರವಿದೆ. ಶಾಲಗ್ರಾಮದಲ್ಲಿ ವಿಷ್ಣುಬುದ್ಧಿಯನ್ನಿಡುವ ದೃಷ್ಟಾಂತವನ್ನು ಶಂಕರಾಚಾರ್ಯರೂ ಬಳಸಿದ್ದಾರೆ. ಆದರೆ ಸಾಮ್ಯವನ್ನು ಮಿತಿಮೀರಿ ಎಳೆಯಬಾರದು. ಆಗಮಗಳಲ್ಲಿ ವಿಹಿತವಾದ ಪ್ರಾಣಪ್ರತಿಷ್ಠೆಗೆ ಸಮಾನವಾದ ವಿಧಿಯು ಕ್ರೈಸ್ತಚಿತ್ರಕ್ಕಿಲ್ಲ. ಅಲ್ಲಿ ದೇವತೆಯ ಆವಾಹನೆಯಾಗುವುದಿಲ್ಲ. ಚಿತ್ರವು ಸ್ಮಾರಕ, ಬೋಧಕ. ಓದುಬಲ್ಲವರಿಗೆ ಗ್ರಂಥವು ಹೇಗೋ ಓದುಬಾರದವರಿಗೆ ಚಿತ್ರವು ಹಾಗೆ ಎಂಬುದು 600ರ ಸುಮಾರಿನಲ್ಲಿ ಪೋಪ್ ಮಹಾ ಗ್ರೆಗೊರಿಯು ಕೊಟ್ಟ ಸಮಾಧಾನ.

ಈ ಪಕ್ಷಕ್ಕೆ ಮಂಗಳೂರಿನ ಮಂದಿರವೇ ಉದಾಹರಣೆ. ಯೇಸುಸಭೆಯವರು 1880ರಲ್ಲಿ ಸ್ಥಾಪಿಸಿದ ಕಾಲೇಜಿಗೆ ಸೇರಿದ ಈ ಮಂದಿರವನ್ನು, ಇಟಲಿಯ ಬೆರ್ಗಮೊ ಪ್ರಾಂತದಲ್ಲಿ 1854ರಲ್ಲಿ ಹುಟ್ಟಿದ ಆಂತೋನಿಯೊ ಮೊಸ್ಕೇನಿಯು 1899ರಿಂದ 1901ರ ವರೆಗೆ ಚಿತ್ರಿಸಿದನು. ಗೋಡೆಯ ಮೇಲಿನವು ಹಸಿಗಾರೆಯ ಚಿತ್ರಗಳು. ಗಾರೆ ಒಣಗುವ ಮುನ್ನ ಬಣ್ಣವನ್ನಿಡಬೇಕು. ಸುಣ್ಣವು ಗಟ್ಟಿಯಾಗುತ್ತ ಬಣ್ಣವನ್ನು ತನ್ನಲ್ಲೇ ಹಿಡಿದುಕೊಳ್ಳುತ್ತದೆ. ಛಾವಣಿಯಲ್ಲಿರುವವು ಬಟ್ಟೆಯ ಮೇಲೆ ಬರೆದ ತೈಲಚಿತ್ರಗಳು. ಅವುಗಳ ಮುಖ್ಯವಸ್ತು ಅಲೋಶಿಯಸನ ಚರಿತ್ರೆ. ಅರಸುಮನೆತನದ ಜ್ಯೇಷ್ಠಪುತ್ರನಾಗಿ 1568ರಲ್ಲಿ ಹುಟ್ಟಿದ ಈತನು ಅಧಿಕಾರವನ್ನು ತೊರೆದು, ರೋಮಿನಲ್ಲಿ ಪಿಡುಗಿಗೆ ಸಿಕ್ಕಿದವರ ಶುಶ್ರೂಷೆ ಮಾಡುತ್ತ 1591ರಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ, ಮಡಿದನು. ವಿದ್ಯಾರ್ಥಿಗಳು ನೆರೆಯುವೆಡೆಯಲ್ಲಿ ಈ ಚರಿತ್ರೆಯನ್ನು ಬರೆದಿರುವುದು ಕೇವಲ ಅಲಂಕಾರಕ್ಕಲ್ಲವೆಂಬುದು ಸ್ಪಷ್ಟ.

ಇನ್ನು ಎರಡನೆಯ ಪಕ್ಷ. ಬಾಸೆಲ್ ನಗರದಲ್ಲಿ 1529ರಲ್ಲಿ ಜನರು ಪ್ರಧಾನ ದೇವಾಲಯವನ್ನು ನುಗ್ಗಿ ಪ್ರತಿಮೆಗಳನ್ನು ಒಡೆದುಹಾಕಿದರು. ಅದೇ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದಿತು. ಅನಂತರ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿಯೂ, ಲೋಕಾಪುರವಿರುವ ಈಗಿನ ಬಾಗಲಕೋಟೆ ಜಿಲ್ಲೆಗೇ ಸೇರಿದ ಗುಳೇದಗುಡ್ಡದಲ್ಲಿಯೂ ನೆಲೆಸಿತು. ಚಿತ್ರಗಳನ್ನು ಅಷ್ಟಾಗಿ ವಿರೋಧಿಸದ ಲೂಥರನ ಅನುಯಾಯಿಗಳೂ ಇದರಲ್ಲಿದ್ದುದರಿಂದ, ಇದನ್ನು ಆ ಭಂಜಕರ ನೇರ ಸಂತತಿಯೆನ್ನಲಾಗದು. ಆದರೂ ಇವರ ಉಪಾಸನೆಯಲ್ಲಿ ಪ್ರಧಾನವಾದುದು ವಾಕ್ಯಶ್ರವಣ, ಗೀತ. ಹಾಗಾದರೆ ಇವರಲ್ಲಿ ಸೃಷ್ಟಿಶಕ್ತಿಯು ಬತ್ತಿತೇ? ಇಲ್ಲ, ಅದು ಬೇರೆ ಕಾಲುವೆಯಲ್ಲಿ ಹರಿಯಿತು. 1843ರ 'ಮಂಗಳೂರ ಸಮಾಚಾರ'ವೂ ಫರ್ಡಿನೆಂಡ್ ಕಿಟ್ಟೆಲರ 1894ರ ನಿಘಂಟೂ ವಿದ್ವಾಂಸರಿಗೆ ಸುಪರಿಚಿತ. ಆದರೆ ಇಲ್ಲಿ ಹೆಚ್ಚು ಪ್ರಸ್ತುತವಾದುದು ಕಿಟ್ಟೆಲರ 'ಕಥಾಮಾಲೆ' (1862). ಕ್ರಿಸ್ತಚರಿತ್ರೆಯನ್ನು ಅವರು ಅದರಲ್ಲಿ ಈ ನಾಡಿನ ಛಂದಸ್ಸಿಗೆ ತಂದರು.

ಇಲ್ಲೊಂದು ವಿಶೇಷವಿದೆ. ಚಿತ್ರವನ್ನು ಒಪ್ಪಿದ ಪಕ್ಷವು ಮಂಗಳೂರಿಗೆ ತಂದುದು ಇಟಲಿಯ ಚಿತ್ರಶೈಲಿ. ಆ ಮುಖಗಳೂ ಉಡುಪುಗಳೂ ಪಶ್ಚಿಮದೇಶದವು. ವಾಕ್ಯವನ್ನೇ ಪ್ರಧಾನವಾಗಿಸಿಕೊಂಡ ಪಕ್ಷದ ಕವಿಯಾದರೋ ಕನ್ನಡದ ನಡೆಯನ್ನೇ ಹಿಡಿದನು. ಕಲೆಯ ಅಂಗೀಕಾರವೊಂದೇ ಅದನ್ನು ನೆಲದ್ದಾಗಿ ಮಾಡದೆಂಬುದು ಇದರಿಂದ ಸಿದ್ಧವಾಗುತ್ತದೆ. ಮುಂದೆ 20ನೆಯ ಶತಮಾನದ ಉತ್ತರಾರ್ಧದಲ್ಲಿ, ಬೆಂಗಳೂರಿನ ಬಳಿಯ ಸಿಲ್ವೆಪುರದಲ್ಲಿ ನೆಲೆಸಿದ ಚಿತ್ರಕಾರ ಜ್ಯೋತಿ ಸಾಹಿಯವರು ಕ್ರೈಸ್ತವಸ್ತುವನ್ನು ಭಾರತೀಯ ಪ್ರತೀಕಗಳಲ್ಲಿ ನಿರೂಪಿಸಲು ತೊಡಗಿದಾಗ, ಬೇರೆಬೇರೆಯಾಗಿದ್ದ ಈ ಎರಡು ಕಾಲುವೆಗಳು ಕೂಡತೊಡಗಿದವೆನ್ನಬಹುದು.

ಆದುದರಿಂದ ಕ್ರೈಸ್ತಮತವು ಕಲೆಯನ್ನು ಒಲ್ಲದೆಂಬ ಮಾತು ನಿಲ್ಲುವುದಿಲ್ಲ. ಕಲೆಯು ಯಾವುದನ್ನು ತೋರಿಸಬೇಕು, ಎಲ್ಲಿ ತಾನು ಹಿಂದೆ ಸರಿಯಬೇಕು ಎಂಬುದೇ ಅಲ್ಲಿಯ ವಿವಾದ. ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ 'ಕಥಾಮಾಲೆ'ಯನ್ನು ಬೋಧಿಸುವವರು ಮೊಸ್ಕೇನಿಯ ಗೋಡೆಗಳನ್ನೂ ಅದರ ಜೊತೆಗಿಟ್ಟು ನೋಡಿದರೆ, ಈ ವಿವಾದದ ಎರಡು ಮುಖಗಳೂ ವಿದ್ಯಾರ್ಥಿಗಳಿಗೆ ತಿಳಿದಾವು.